ಬಾಟಲಿಯ ಹಿಂಬದಿ ಓದಿದ ಮೇಲೆ ಇಳಿದ ಟ್ರೈಗ್ಲಿಸರೈಡ್

ಮೀನೆಣ್ಣೆಯಿಂದ ಏನೂ ಆಗುವುದಿಲ್ಲ ಎಂದು ನಕ್ಕವರಿಗೆಲ್ಲ ನನ್ನ ರಕ್ತಪರೀಕ್ಷೆಯ ವರದಿಗಳನ್ನು ವಾಟ್ಸ್‌ಆ್ಯಪ್‌ನಲ್ಲಿ ಕಳಿಸಿಯಾಗಿದೆ. ಟ್ರೈಗ್ಲಿಸರೈಡ್, ಅಂದರೆ ರಕ್ತದಲ್ಲಿರುವ ಒಂದು ಬಗೆಯ ಕೊಬ್ಬು, ಒಂದು ಕಾಲದಲ್ಲಿ 440ರ ಹತ್ತಿರ ಇತ್ತು. ಸಂಜೆಯ ಸಿಹಿ, ಭಾನುವಾರದ ಬಿಯರ್, ರಾತ್ರಿ ಎರಡನೇ ಸಲ ಬಡಿಸಿಕೊಳ್ಳುವ ಅನ್ನ, ಇಷ್ಟನ್ನು ಬಿಟ್ಟದ್ದಕ್ಕೆ 370ಕ್ಕೆ ಬಂದು ಅಲ್ಲೇ ಪಟ್ಟು ಹಿಡಿದು ಕುಳಿತಿತು. ಅಲ್ಲಿಂದ 250ರ ಆಸುಪಾಸಿಗೆ ಇಳಿಸಿದ್ದು ಮೀನೆಣ್ಣೆ. ಸರಿಯಾದ ಮಟ್ಟವಾದ 150ರ ಒಳಗೆ ಬರುವ ಮಾತು ಇನ್ನೂ ದೂರವೇ. ಆದರೂ ನಮ್ಮ ವೈದ್ಯರು ಬರೆಯಲು ಹೊರಟಿದ್ದ, ಟ್ರೈಗ್ಲಿಸರೈಡ್ ಇಳಿಸುವ ಫೆನೊಫೈಬ್ರೇಟ್ ಮಾತ್ರೆ ಸದ್ಯಕ್ಕೆ ತಪ್ಪಿದೆ.

ಮೊದಲ ಅರ್ಧ ವರ್ಷದ ಹಣ ನೀರಿಗೆ ಹೋಯಿತು. ಬಾಟಲಿಯ ಮುಂಬದಿಯಲ್ಲಿ 1000 ಮಿಲಿಗ್ರಾಂ ಎಂದು ದಪ್ಪಕ್ಷರ. ಹಿಂಬದಿಯ ಸಣ್ಣಕ್ಷರದಲ್ಲಿ ಮೀನೆಣ್ಣೆಯ ಎರಡು ಮುಖ್ಯ ಒಮೆಗಾ-3 ಕೊಬ್ಬಿನಾಮ್ಲಗಳ ಲೆಕ್ಕ: ಇಪಿಎ 180, ಡಿಎಚ್‌ಎ 120. ಕೆಲಸ ಮಾಡುವುದು ಈ ಮುನ್ನೂರು ಮಾತ್ರ, ಉಳಿದದ್ದು ಬರೀ ಎಣ್ಣೆ. ದಿನಕ್ಕೊಂದು ನುಂಗಿದೆ, ಆಮೇಲೆ ಎರಡು. ವರದಿಯಲ್ಲಿ ಅಂಕಿ ಅಲುಗಾಡಲಿಲ್ಲ. ಮನೆಯಲ್ಲಿ, “ಮಂಗಳೂರಿನಲ್ಲಿ ಹುಟ್ಟಿ, ಮೀನಿನ ಎಣ್ಣೆಯನ್ನು ಮೆಡಿಕಲ್ ಅಂಗಡಿಯಿಂದ ತರುವವರು ನೀವೊಬ್ಬರೇ ಇರಬೇಕು” ಎಂಬ ಮಾತು ಬೇರೆ.

ಕಚೇರಿಯ ಗೆಳೆಯನೊಬ್ಬ 2018ರ ವೈಟಲ್ ಅಧ್ಯಯನವನ್ನು ಮುಂದಿಟ್ಟ. ಅಮೆರಿಕದಲ್ಲಿ ಸುಮಾರು 26 ಸಾವಿರ ಜನರ ಮೇಲೆ ನಡೆದದ್ದು. ದಿನಕ್ಕೊಂದು ಗ್ರಾಂ ಮೀನೆಣ್ಣೆಯಿಂದ ಹೃದಯಾಘಾತ, ಪಾರ್ಶ್ವವಾಯು ಇತ್ಯಾದಿಗಳ ಒಟ್ಟು ಲೆಕ್ಕದಲ್ಲಿ ಗಮನಾರ್ಹ ಇಳಿಕೆ ಕಾಣಲಿಲ್ಲ. ಅದೇ ವರ್ಷ ರೆಡ್ಯೂಸ್-ಇಟ್ ಎಂಬ ಇನ್ನೊಂದು ಅಧ್ಯಯನದಲ್ಲಿ, ಶುದ್ಧೀಕರಿಸಿದ ಇಪಿಎ ದಿನಕ್ಕೆ 4 ಗ್ರಾಂ ಕೊಟ್ಟಾಗ ಇಂಥ ಅಪಾಯ ಶೇ 25ರಷ್ಟು ತಗ್ಗಿತು. 2020ರಲ್ಲಿ ಸ್ಟ್ರೆಂತ್ ಅಧ್ಯಯನ ಇಪಿಎ, ಡಿಎಚ್‌ಎ ಎರಡನ್ನೂ ಸೇರಿಸಿ 4 ಗ್ರಾಂ ಕೊಟ್ಟು ಲಾಭ ಕಾಣದೆ ನಿಂತಿತು. ಹೃದಯದ ಈ ಜಗಳ ಪಂಡಿತರಿಗಿರಲಿ. ಹೆಚ್ಚಿನ ಪ್ರಮಾಣದಲ್ಲಿ ಕೊಟ್ಟರೆ ಟ್ರೈಗ್ಲಿಸರೈಡ್ ಇಳಿಯುತ್ತದೆ ಎಂಬುದರಲ್ಲಿ ಜಗಳವಿಲ್ಲ, ನನಗೆ ಬೇಕಾಗಿದ್ದದ್ದೂ ಅಷ್ಟೇ.

ವೈದ್ಯರ ಮುಂದೆ ಲೆಕ್ಕ ಹಾಕಿದೆವು. ಇಪಿಎ, ಡಿಎಚ್‌ಎ ಸೇರಿ ದಿನಕ್ಕೆ 3 ಗ್ರಾಂ ಚಿಲ್ಲರೆ. ಸಾದಾ ಕ್ಯಾಪ್ಸೂಲಿನಲ್ಲಾದರೆ ಹತ್ತು ಹನ್ನೊಂದು ನುಂಗಬೇಕು. ಅರವತ್ತರ ಬಾಟಲಿ ಐನೂರೈವತ್ತು ರೂಪಾಯಿ, ತಿಂಗಳಿಗೆ ಐದಾರು ಬಾಟಲಿ, ಹತ್ತಿರಹತ್ತಿರ ಮೂರು ಸಾವಿರ. ಒಂದರಲ್ಲೇ ಎಂಟುನೂರು ಮಿಲಿಗ್ರಾಂ ಇರುವ ಸಾಂದ್ರ ಕ್ಯಾಪ್ಸೂಲಾದರೆ ನಾಲ್ಕು ಸಾಕು. ಬಾಟಲಿಗೆ ಸಾವಿರದ ಇನ್ನೂರೈವತ್ತು ಎಂದು ಕೇಳಿ ಬೆಚ್ಚಿ ಹಿಂದೆ ಬಂದಿದ್ದೆ. ತಿಂಗಳಿಗೆ ಎರಡೇ ಬಾಟಲಿ ಎಂದಾಗ ಅದೇ ಅಗ್ಗ. ಯಾವ ಕಂಪನಿಯದು, ಯಾವ ಅಂಗಡಿಯಲ್ಲಿ ಇನ್ನೂ ಕಡಿಮೆಗೆ ಸಿಗುತ್ತದೆ ಎಂಬುದನ್ನು ಇಲ್ಲಿ ಬರೆಯುವುದಿಲ್ಲ. ಬರೆದರೆ ನನಗೇ ಸಿಗದು.

ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ನುಂಗುವುದು ದಂಡ. ಸಾಂದ್ರ ಕ್ಯಾಪ್ಸೂಲುಗಳಲ್ಲಿ ಹಲವು ಈಥೈಲ್ ಎಸ್ಟರ್ ಎಂಬ, ಎಣ್ಣೆಯನ್ನು ಸಾಂದ್ರಗೊಳಿಸುವಾಗ ಆಗುವ ರಾಸಾಯನಿಕ ರೂಪದವು. ಊಟದ ಜಿಡ್ಡು ಜೊತೆಗಿರದಿದ್ದರೆ ಸರಿಯಾಗಿ ಹೀರಿಕೆಯಾಗುವುದಿಲ್ಲ. ಮಧ್ಯಾಹ್ನ ಎರಡು, ರಾತ್ರಿ ಎರಡು, ಅದೂ ಸಾರು ಮುಗಿದು ಮಜ್ಜಿಗೆಗೆ ಬರುವ ಮೊದಲು. ಈ ಎಸ್ಟರ್ ರೂಪದ ಎಣ್ಣೆ ಥರ್ಮಾಕೋಲನ್ನು ಕರಗಿಸುತ್ತದೆ, ಅದನ್ನು ಪರೀಕ್ಷಿಸುವ ಚಪಲಕ್ಕೆ ಒಂದಷ್ಟು ಎಣ್ಣೆಯನ್ನು ಥರ್ಮಾಕೋಲ್ ಲೋಟಕ್ಕೆ ಹಿಂಡಿಟ್ಟೆ. ತಳ ಮೊದಲು ಮೆತ್ತಗಾಯಿತು, ಆಮೇಲೆ ಸಣ್ಣ ಗುಳಿ, ಕಾಲು ಗಂಟೆಯೊಳಗೆ ತೂತು. ಎಣ್ಣೆ ಸೋರಿ ಮೇಜಿನ ಮೇಲಿದ್ದ ವಿದ್ಯುತ್ ಬಿಲ್ಲು ತೊಯ್ದುಹೋಯಿತು. ಗಾಬರಿ ಬೇಡ, ಅದು ಥರ್ಮಾಕೋಲನ್ನು ಕರಗಿಸುತ್ತದೆಯೇ ಹೊರತು ಹೊಟ್ಟೆಯನ್ನಲ್ಲ.

ಹೊಸ ಬಾಟಲಿ ಬಂದಾಗ ಒಂದನ್ನು ಕತ್ತರಿಸಿ ಮೂಸುತ್ತೇನೆ. ಮೀನಿನ ವಾಸನೆ ಸ್ವಲ್ಪ ಬರಲಿ, ಹಳೆಯ ವಾರ್ನಿಷಿನ ಘಾಟು ಬಂದರೆ ಎಣ್ಣೆ ಕಮಟಿದೆ ಎಂದರ್ಥ. ಒಂದು ಏಪ್ರಿಲ್‌ನಲ್ಲಿ ರಿಯಾಯಿತಿಗೆ ತರಿಸಿದ ಎರಡು ಬಾಟಲಿಗಳು ಹೀಗೇ ಕಸಕ್ಕೆ ಹೋದವು. ಮೀನು ವಾಸನೆಯ ತೇಗಿಗೆ ಕ್ಯಾಪ್ಸೂಲನ್ನು ಫ್ರೀಜರಿನಲ್ಲಿಟ್ಟು ನುಂಗುವುದೇ ಮದ್ದು ಎಂಬುದು ಎಲ್ಲರಿಗೂ ಗೊತ್ತು. ನಾನು ಅದರ ಜೊತೆ ಇನ್ನೊಂದು ಮಾಡುತ್ತೇನೆ, ಅದು ಮನೆಯ ಗುಟ್ಟು.

ಕ್ಯಾಪ್ಸೂಲ್ ಬಿಟ್ಟು ಬೂತಾಯಿ ಮೀನನ್ನೇ ತಿಂದರೇನು ಎಂದೂ ನೋಡಿದೆ. ಶಿವಾಜಿನಗರದ ರಸೆಲ್ ಮಾರುಕಟ್ಟೆಯಿಂದ ವಾರಕ್ಕೆರಡು ಸಲ ತಂದು ಹುಳಿ-ಖಾರದ ಪುಳಿಮುಂಚಿ. ರುಚಿಗೆ ಸಾಟಿಯಿಲ್ಲ, ನೂರು ಗ್ರಾಂ ಬೂತಾಯಿಯಲ್ಲಿ ಒಂದು ಗ್ರಾಂ ಮೇಲ್ಪಟ್ಟು ಒಮೆಗಾ-3 ಇರುತ್ತದೆ, ಪ್ರೋಟೀನು ಉಚಿತ. ಆದರೆ 3 ಗ್ರಾಂ ಮುಟ್ಟಲು ದಿನಾಲೂ ಕಾಲು ಕಿಲೋ ಬೇಕು. ಜೂನ್, ಜುಲೈನಲ್ಲಿ ಕರಾವಳಿಯ ಯಾಂತ್ರಿಕ ಮೀನುಗಾರಿಕೆಗೆ ನಿಷೇಧ, ಬೆಲೆ ಮೇಲೆ ಹಾರುತ್ತದೆ. ಮನೆ ಮಾಲೀಕರು ಮಹಡಿಯಿಂದ ಇಳಿದು ಬಂದು ವಾಸನೆಯ ಬಗ್ಗೆ ವಿಚಾರಿಸಿದ್ದೂ ಆಯಿತು. ಧಾರವಾಡದ ಭಾವ ಕಳಿಸಿದ ಅಗಸೆ ಚಟ್ನಿಪುಡಿಯೂ ಎರಡು ತಿಂಗಳು ನಡೆಯಿತು. ರೊಟ್ಟಿಗೆ ಅದು ಬಹಳ ಸೊಗಸು, ಆದರೆ ಅಗಸೆಯ ಒಮೆಗಾ-3 ದೇಹದಲ್ಲಿ ಇಪಿಎ ಆಗುವುದು ಅತ್ಯಲ್ಪ. ಮೀನು ಮುಟ್ಟದವರು ಪಾಚಿಯ ಎಣ್ಣೆ ನೋಡಲಿ. ಮೀನಿಗೂ ಒಮೆಗಾ-3 ಮೂಲತಃ ಪಾಚಿಯಿಂದಲೇ ಬಂದದ್ದು.

ಅನ್ನ, ಸಿಹಿ ಬಿಟ್ಟದ್ದರಿಂದಲೇ ಇಳಿಯಿತು ಎಂದು ಗೆಳೆಯ ವಾದ ಬಿಡಲಿಲ್ಲ. ಸರಿ, ಪಥ್ಯವನ್ನು ಹಾಗೇ ಇಟ್ಟು ಕ್ಯಾಪ್ಸೂಲನ್ನು ಮಾತ್ರ ಎರಡು ತಿಂಗಳು ನಿಲ್ಲಿಸಿದೆ. ಅದೇ ಪ್ರಯೋಗಾಲಯ, ಹನ್ನೆರಡು ಗಂಟೆ ಉಪವಾಸ, 340ಕ್ಕೆ ಏರಿತ್ತು. ಮತ್ತೆ ಶುರು ಮಾಡಿದೆ, ಮತ್ತೆ 260. ಅಂದಿನಿಂದ ಅವನೂ ಬಾಟಲಿ ತಿರುಗಿಸಿ ಓದುತ್ತಾನೆ.

ಮೊಣಕಾಲು ನೋವು ಹೋಗಲಿಲ್ಲ, ಕೂದಲೂ ಬರಲಿಲ್ಲ. ಎಲ್‌ಡಿಎಲ್ (ಕೆಟ್ಟ ಕೊಲೆಸ್ಟರಾಲ್) ಹತ್ತು ಹನ್ನೆರಡು ಏರಿತು. ಡಿಎಚ್‌ಎ ಇರುವ ಎಣ್ಣೆಯಿಂದ ಹೀಗಾಗುವುದುಂಟು, ಅದರ ಮೇಲೆ ವೈದ್ಯರು ಕಣ್ಣಿಟ್ಟಿದ್ದಾರೆ. ಇಷ್ಟು ಪ್ರಮಾಣದಲ್ಲಿ ಕೆಲವರಿಗೆ ಹೃದಯ ಬಡಿತ ತಾಳ ತಪ್ಪುವ ಅಪಾಯ ಹೆಚ್ಚುತ್ತದೆ ಎಂದು ದೊಡ್ಡ ಅಧ್ಯಯನಗಳಲ್ಲಿ ಕಂಡಿದೆ. ಅದಕ್ಕೇ ವರ್ಷಕ್ಕೊಮ್ಮೆ ಇಸಿಜಿ ಮಾಡಿಸುತ್ತೇನೆ. ರಕ್ತ ತೆಳುವಾಗಿಸುವ ಮಾತ್ರೆ ನುಂಗುವವರು ನನ್ನ ಲೆಕ್ಕವನ್ನು ನಕಲು ಮಾಡದೆ ಮೊದಲು ತಮ್ಮ ವೈದ್ಯರನ್ನು ಕೇಳಲಿ. ಆಗಸ್ಟ್‌ನಲ್ಲಿ ದೋಣಿಗಳು ಕಡಲಿಗಿಳಿದ ಮೇಲೆ ಎರಡು ಕ್ಯಾಪ್ಸೂಲ್ ಕಡಿಮೆ ಮಾಡಿ ಆ ಜಾಗಕ್ಕೆ ಬೂತಾಯಿ ಹಾಕಿ ನೋಡುವ ಯೋಚನೆಯಿದೆ, ಮಾಲೀಕರು ಊರಿಗೆ ಹೋಗುವ ವಾರ ನೋಡಿಕೊಂಡು.