ತೂಕದ ಮಷೀನ್ ತಗೊಂಡು ಲಿಫ್ಟ್ ಹತ್ತಿ, ನ್ಯೂಟನ್ನಿನ ಎರಡನೇ ನಿಯಮ ಕಣ್ಣಾರೆ ನೋಡಿ

ಬಲ = ದ್ರವ್ಯರಾಶಿ × ವೇಗೋತ್ಕರ್ಷ (ಅಂದ್ರೆ ವೇಗ ಬದಲಾಗೋ ದರ) ಅಂತ ಹೈಸ್ಕೂಲಲ್ಲೇ ಬಾಯಿಪಾಠ ಮಾಡಿರ್ತೀವಿ, ಆದ್ರೆ ಲೆಕ್ಕ ಮಾಡಕ್ಕೆ ಕೂತಾಗ ಯಾವ ಬಲ ಹಾಕ್ಬೇಕು ಅನ್ನೋದ್ರಲ್ಲೇ ಎಡವ್ತೀವಿ. ಅದಕ್ಕೇ ಮನೇಲಿರೋ ತೂಕದ ಮಷೀನ್ ತಗೊಂಡು ಲಿಫ್ಟ್ ಹತ್ತಿ. ಮುಳ್ಳಿರೋದೇ ಬೇಕು, ಡಿಜಿಟಲ್‌ದು ಸಾಮಾನ್ಯವಾಗಿ ಒಂದು ನಂಬರ್ ತೋರ್ಸಿ ಅಲ್ಲೇ ನಿಂತ್ಬಿಡತ್ತೆ.

ಲಿಫ್ಟ್ ನಿಂತಿರೋವಾಗ್ಲೇ ಮಷೀನ್ ಹತ್ತಿ ಎಷ್ಟಿದೆ ಬರ್ಕೊಳ್ಳಿ, 60 ಅಂತಿಟ್ಕೊಳ್ಳೋಣ. ಈಗ ಮೇಲಿನ ಫ್ಲೋರ್ ಒತ್ತಿ, ಫೋನಲ್ಲಿ ಮುಳ್ಳಿನ ವಿಡಿಯೋ ತೆಗೀತಾ ಇರಿ, ಯಾಕಂದ್ರೆ ಎಲ್ಲಾ ಒಂದೆರಡು ಸೆಕೆಂಡಲ್ಲಿ ಮುಗ್ದೋಗತ್ತೆ. ಹೊರಡೋವಾಗ ಮುಳ್ಳು 65ರ ಹತ್ರ ಹೋಯ್ತು ಅನ್ನಿ, ಆಮೇಲೆ ಲಿಫ್ಟ್ ಒಂದೇ ವೇಗ ಹಿಡಿದ ತಕ್ಷಣ ವಾಪಸ್ 60ಕ್ಕೇ ಬರತ್ತೆ. ಮೇಲಕ್ಕೆ ಹೋಗ್ತಾನೇ ಇದೀವಿ, ಆದ್ರೂ 60! ನಂಗೆ ಈ ಪ್ರಯೋಗದಲ್ಲಿ ತುಂಬಾ ಇಷ್ಟ ಆಗೋದು ಇದೇ ಕ್ಷಣ, ವೇಗ ಬದಲಾಗೋವಾಗ ಮಾತ್ರ ಮುಳ್ಳು ಅಲ್ಲಾಡೋದು.

ಈಗ ಲೆಕ್ಕ. ನಿಮ್ಮ ಮೇಲೆ ಬಲ ಎರಡಿದೆ, ಪೇಪರ್ ಮೇಲೆ ಒಂದು ಚುಕ್ಕೆ ಇಟ್ಟು ಎರಡು ಬಾಣ ಬರೀರಿ. ಭೂಮಿ ಕೆಳಗೆ ಎಳೆಯೋದು 60 × 9.8 = 588 ನ್ಯೂಟನ್ (9.8 ಅನ್ನೋದು ಗುರುತ್ವದಿಂದ ಬರೋ ವೇಗೋತ್ಕರ್ಷ). ಮಷೀನ್ ನಿಮ್ಮ ಪಾದನ ಮೇಲಕ್ಕೆ ತಳ್ಳೋದು 65 × 9.8 = 637 ನ್ಯೂಟನ್ (ಮಷೀನ್ ನಿಜವಾಗಿ ಅಳೆಯೋದು ಈ ತಳ್ಳೋ ಬಲನೇ, ಡಯಲ್ ಮೇಲೆ ಮಾತ್ರ ಅದನ್ನ ಕೆಜಿ ಲೆಕ್ಕದಲ್ಲಿ ಬರ್ದಿರ್ತಾರೆ). ಒಂದರಿಂದ ಒಂದು ಕಳೆದ್ರೆ ಉಳಿಯೋದು 49, ಸೂತ್ರಕ್ಕೆ ಹಾಕ್ಬೇಕಾಗಿರೋದು ಇದೇ, 637 ಅಲ್ಲ. ದ್ರವ್ಯರಾಶಿ ಜಾಗದಲ್ಲೂ 65 ಹಾಕ್ಬೇಡಿ, ನೀವು 60 ಕೆಜಿನೇ. 49 ÷ 60, ಸುಮಾರು 0.82 ಮೀಟರ್ ಪ್ರತಿ ಸೆಕೆಂಡ್ ವರ್ಗ, ಅದೇ ನಿಮ್ಮ ಲಿಫ್ಟಿನ ವೇಗೋತ್ಕರ್ಷ.

ಮೇಲೆ ಹೋಗಿ ನಿಲ್ಲೋವಾಗ ಮುಳ್ಳು 60ಕ್ಕಿಂತ ಕೆಳಗಿಳಿಯತ್ತೆ. ವಾಪಸ್ ಕೆಳಗೆ ಬಂದು ನಿಲ್ಲೋವಾಗ ಮಾತ್ರ ಏರತ್ತೆ, ಬರ್ತಿರೋದು ಕೆಳಗೆ ಆದ್ರೂ ವೇಗ ಕಮ್ಮಿ ಆಗ್ತಿರೋದ್ರಿಂದ ವೇಗೋತ್ಕರ್ಷ ಮೇಲ್ಮುಖವಾಗಿರತ್ತೆ, ಪರೀಕ್ಷೇಲಿ ಮಕ್ಕಳು ಮೈನಸ್ ಚಿಹ್ನೆ ತಪ್ಪು ಮಾಡೋದು ಹೆಚ್ಚಾಗಿ ಇಲ್ಲೇ.

ಕೊನೇಲಿ 10 ಕೆಜಿ ಅಕ್ಕಿ ಚೀಲ ಹೊತ್ಕೊಂಡು ಅದೇ ಲಿಫ್ಟಲ್ಲಿ ಇನ್ನೊಂದ್ಸಲ ಹೋಗಿ. ವೇಗೋತ್ಕರ್ಷ ಅದೇ 0.82 ಇದ್ರೆ ಈ ಸಲ ಭೂಮಿ ಎಳೆಯೋದಕ್ಕಿಂತ 70 × 0.82, ಅಂದ್ರೆ ಸುಮಾರು 57 ನ್ಯೂಟನ್ ಹೆಚ್ಚಿಗೆ ತಳ್ಳಬೇಕಾಗತ್ತೆ, 9.8ರಿಂದ ಭಾಗಿಸಿದ್ರೆ ಸುಮಾರು 6 ಕೆಜಿ, ಮುಳ್ಳು 70ರಿಂದ ಹೆಚ್ಚುಕಮ್ಮಿ 76ರ ತನಕ ಹೋಗತ್ತೆ.