ಹೊಸ ಶಿಕ್ಷಕರು ತಾಲ್ಲೂಕಿಗೆ ಬಂದಾಗ ಸಂಘ ಏನೇನು ಮಾಡಬೇಕು?

ಸರ್ಕಾರಿ ಶಾಲೆಗೆ ಆಯ್ಕೆಯಾಗಿ ಬರುವ ಹೊಸ ಶಿಕ್ಷಕರಲ್ಲಿ ಹೆಚ್ಚಿನವರು ಸುಸ್ತಾಗಿಯೇ ಬರುತ್ತಾರೆ. 2022ರಲ್ಲಿ 15 ಸಾವಿರ ಪದವೀಧರ ಪ್ರಾಥಮಿಕ ಶಿಕ್ಷಕರ ಹುದ್ದೆಗೆ ಅರ್ಜಿ ಕರೆದಿದ್ದು ನೆನಪಿದೆ ಅಲ್ವಾ? ಆ ಮೇ ತಿಂಗಳಲ್ಲೇ ಪರೀಕ್ಷೆ ಮುಗಿಯಿತು. ಆಮೇಲೆ ಆಯ್ಕೆ ಪಟ್ಟಿ ಕೋರ್ಟ್ ಮೆಟ್ಟಿಲೇರಿತು. ಆದೇಶ ಕೈಗೆ ಸಿಗುವಷ್ಟರಲ್ಲಿ 2023 ಅರ್ಧಕ್ಕಿಂತ ಜಾಸ್ತಿ ಕಳೆದಿತ್ತು. ಅಷ್ಟು ಕಾದವರು ಗೊತ್ತಿಲ್ಲದ ಊರಿನ ಬಸ್ ಸ್ಟ್ಯಾಂಡಿನಲ್ಲಿ ಬ್ಯಾಗು ಹಿಡಿದು ಇಳಿದಾಗ, ಅಲ್ಲಿನ ಶಿಕ್ಷಕರ ಸಂಘ ಅವರನ್ನು ಹೇಗೆ ಬರಮಾಡಿಕೊಳ್ಳಬೇಕು ಎಂಬುದೇ ಈ ಲೇಖನ. ತಾಲ್ಲೂಕು ಸಂಘದ ಪದಾಧಿಕಾರಿಗಳು, ಕ್ಲಸ್ಟರ್ (ಅಕ್ಕಪಕ್ಕದ ಕೆಲವು ಶಾಲೆಗಳ ಗುಂಪು) ಮಟ್ಟದಲ್ಲಿ ಓಡಾಡುವ ಸದಸ್ಯರು ಇದನ್ನು ಹಾಗೇ ಬಳಸಬಹುದು.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಹಾರ, ಶಾಲು, ಫ್ಲೆಕ್ಸ್ ಯಾವುದೂ ತಪ್ಪಲ್ಲ. ಆದರೆ ಅವೆಲ್ಲ ಆಮೇಲೆ. ಮೊದಲ ಸಂಬಳ ಖಾತೆಗೆ ಬೀಳುವವರೆಗೆ ಜೊತೆಗೆ ನಿಲ್ಲುವುದೇ ನಿಜವಾದ ಸ್ವಾಗತ. ಸದಸ್ಯತ್ವದ ರಸೀದಿ ಪುಸ್ತಕ ಅಲ್ಲಿಯವರೆಗೂ ಬೀರುವಿನಲ್ಲೇ ಇರಲಿ.

ಕೌನ್ಸೆಲಿಂಗ್‌ಗೆ ಮೊದಲೇ ಶುರು ಮಾಡಿ

ಸ್ಥಳ ಆಯ್ಕೆಯ ಕೌನ್ಸೆಲಿಂಗ್ ಜಿಲ್ಲಾ ಉಪನಿರ್ದೇಶಕರ ಕಚೇರಿ ಮಟ್ಟದಲ್ಲಿ ನಡೆಯುತ್ತದೆ. ಖಾಲಿ ಇರುವ ಶಾಲೆಗಳ ಪಟ್ಟಿ ಎದುರಿಗಿರುತ್ತದೆ. ಹೆಸರು ಕೂಗಿದಾಗ ಹೋಗಿ, ಸ್ವಲ್ಪ ಹೊತ್ತಿನಲ್ಲೇ ಒಂದು ಶಾಲೆ ಹೇಳಬೇಕು. ಬೇರೆ ಜಿಲ್ಲೆಯಿಂದ ಬಂದವರಿಗೆ ಆ ಹೆಸರುಗಳೆಲ್ಲ ಒಂದೇ ಥರ ಕಾಣುತ್ತವೆ. ಅದೇ ಆಯ್ಕೆಯ ಮೇಲೆ ಮುಂದಿನ ಎಷ್ಟೋ ವರ್ಷಗಳ ಬದುಕು ನಿಂತಿರುತ್ತದೆ.

ಆದ್ದರಿಂದ ಸಂಘ ಒಂದು ಹಾಳೆ ತಯಾರಿಸಿ ಇಟ್ಟುಕೊಳ್ಳಬೇಕು. ಖಾಲಿ ಇರುವ ಪ್ರತಿ ಶಾಲೆಗೂ ನಾಲ್ಕೈದು ಸಾಲು ಸಾಕು. ಮಕ್ಕಳೆಷ್ಟು, ಶಿಕ್ಷಕರೆಷ್ಟು, ಶೌಚಾಲಯ ಬಳಸುವ ಹಾಗಿದೆಯಾ, ಬಾಡಿಗೆ ಮನೆ ಯಾವ ಊರಲ್ಲಿ ಸಿಗುತ್ತದೆ, ಮಳೆಗಾಲದಲ್ಲಿ ಹಳ್ಳ ಕಟ್ಟುತ್ತದೆಯಾ. ಬಸ್ಸಿನ ವಿಷಯವನ್ನು ಬಿಡಿಸಿ ಬರೆಯಿರಿ. ‘ಬಸ್ ಸೌಲಭ್ಯ ಇದೆ’ ಅಂದರೆ ಏನೂ ಹೇಳಿದ ಹಾಗಲ್ಲ. ‘ಬೆಳಿಗ್ಗೆ 8:30ಕ್ಕೆ ಒಂದು ಬಸ್ಸು ಊರೊಳಗೇ ಬರುತ್ತದೆ, ಸಂಜೆ ಮಾತ್ರ ಕ್ರಾಸ್‌ವರೆಗೆ ನಡೆಯಬೇಕು, ದಾರಿಯಲ್ಲಿ ಮನೆಗಳಿಲ್ಲ’ ಅಂತ ಬರೆದರೆ ಒಬ್ಬಳೇ ಇರಬೇಕಾದ ಹೆಣ್ಣುಮಗಳು ನೋಡಿಕೊಂಡು ತೀರ್ಮಾನ ಮಾಡುತ್ತಾಳೆ. ಈ ಮಾಹಿತಿ ಸಂಘಕ್ಕೆ ಹೊಸದೇನಲ್ಲ. ಪ್ರತಿ ಕ್ಲಸ್ಟರ್‌ನಲ್ಲೂ ಅದೇ ದಾರಿಯಲ್ಲಿ ದಿನಾ ಓಡಾಡುವ ಸದಸ್ಯರಿದ್ದಾರೆ. ಕೇಳಿ ಬರೆದುಕೊಳ್ಳಬೇಕು, ಅಷ್ಟೇ.

ಡ್ಯೂಟಿ ರಿಪೋರ್ಟ್ ದಿನ ಒಬ್ಬರು ಜೊತೆಗಿರಲಿ

ಹತ್ತು ಜನ ಬೇಡ. ಒಬ್ಬರು ಸಾಕು. ಅದೇ ಕ್ಲಸ್ಟರ್‌ನವರು, ಸಾಧ್ಯವಾದರೆ ಅದೇ ಬಸ್ ದಾರಿಯವರು. ಹೊಸದಾಗಿ ಬಂದವರು ಶಿಕ್ಷಕಿಯಾದರೆ ಜೊತೆಗೂ ಶಿಕ್ಷಕಿಯೇ ಇರಲಿ. ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಕಚೇರಿಯಲ್ಲಿ ಯಾವ ಟೇಬಲ್‌ಗೆ ಹೋಗಬೇಕು, ತಮ್ಮ ವಿಷಯ ನಿರ್ವಾಹಕರು ಯಾರು, ವರದಿ ಪತ್ರದ ಎಷ್ಟು ಪ್ರತಿ ಬೇಕು ಎಂಬುದನ್ನೆಲ್ಲ ಅವರು ತೋರಿಸಿಕೊಡಲಿ.

ಶಾಲೆಗೆ ಹೋದ ಮೇಲೆ ಹಾಜರಾದ ಸಮಯದ ಕಡೆ ಗಮನ ಇರಲಿ. ಪೂರ್ವಾಹ್ನ ಅಥವಾ ಅಪರಾಹ್ನ ಎಂದು ವರದಿಯಲ್ಲಿ ಸರಿಯಾಗಿ ಬರೆಯಬೇಕು. ಅದೇ ಮಾತು ಹಾಜರಾತಿ ಪುಸ್ತಕದಲ್ಲಿ, ಮುಖ್ಯ ಶಿಕ್ಷಕರ ಪತ್ರದಲ್ಲಿ, ಮುಂದೆ ಸೇವಾ ಪುಸ್ತಕದಲ್ಲಿ ಒಂದೇ ಥರ ಇರಬೇಕು. ಇವತ್ತು ಸಣ್ಣದಾಗಿ ಕಾಣುವ ಈ ವ್ಯತ್ಯಾಸ ಮುಂದೆ ಜ್ಯೇಷ್ಠತೆ, ಬಡ್ತಿ ಅಂತ ಬಂದಾಗ ತಲೆನೋವಾಗುತ್ತದೆ.

ಇನ್ನೊಂದು ವಿಷಯ. ಕಾಯಂ ಶಿಕ್ಷಕರು ಬಂದ ಜಾಗದಲ್ಲಿ ಬಹಳ ಸಲ ಒಬ್ಬ ಅತಿಥಿ ಶಿಕ್ಷಕರು ಕೆಲಸ ಮಾಡುತ್ತಿರುತ್ತಾರೆ. ಇವರು ಬಂದ ದಿನವೇ ಅವರಿಗೆ ಕೆಲಸ ಇಲ್ಲವಾಗುತ್ತದೆ. ಜೊತೆಗೆ ಹೋದವರು ಆ ವ್ಯಕ್ತಿಯನ್ನೂ ಮಾತಾಡಿಸಬೇಕು, ಇಬ್ಬರನ್ನೂ ಪರಿಚಯ ಮಾಡಿಸಬೇಕು. ಆ ಮಕ್ಕಳ ಹೆಸರು, ಮನೆ, ಯಾರು ಎಲ್ಲಿ ಹಿಂದೆ ಬಿದ್ದಿದ್ದಾರೆ ಎಂಬುದು ಅವರಿಗೆ ಗೊತ್ತು.

ಮೊದಲ ಸಂಬಳದವರೆಗೆ

ಇಡೀ ಸ್ವಾಗತದಲ್ಲಿ ಅತಿ ಮುಖ್ಯವಾದ ಭಾಗ ಇದು.

ಹಾಜರಾದ ತಿಂಗಳೇ ಸಂಬಳ ಬರುತ್ತದೆ ಅಂದುಕೊಂಡು ಬಂದವರು ಜಾಸ್ತಿ. ಹಾಗೆ ಆಗುವುದು ಅಪರೂಪ. ಅಂಕಪಟ್ಟಿಗಳ ನೈಜತೆ ಪರಿಶೀಲನೆಗೆ ಮಂಡಳಿ, ವಿಶ್ವವಿದ್ಯಾಲಯಗಳಿಗೆ ಪತ್ರ ಹೋಗಿ ಉತ್ತರ ಬರಬೇಕು. ನೌಕರರ ಸಂಬಳದ ಬಿಲ್ಲು ತಯಾರಾಗುವ ಎಚ್‌ಆರ್‌ಎಂಎಸ್ ತಂತ್ರಾಂಶದಲ್ಲಿ ಹೆಸರು ಸೇರಬೇಕು. ಸರ್ಕಾರದ ಹಣ ಪಾವತಿಯಾಗುವ ಖಜಾನೆ-2ರಲ್ಲಿ ರಿಸಿಪಿಯೆಂಟ್ ಐಡಿ (ಹಣ ಪಡೆಯುವವರ ಗುರುತಿನ ಸಂಖ್ಯೆ) ಆಗಬೇಕು. ಎನ್‌ಪಿಎಸ್ ಅಂದರೆ ಹೊಸ ಪಿಂಚಣಿ ಯೋಜನೆಗೆ ಪ್ರಾನ್ ಎಂಬ ಖಾತೆ ಸಂಖ್ಯೆ ಬೇಕು. ಒಂದು ನಿಂತರೆ ಮುಂದಿನ ಕೆಲಸವೆಲ್ಲ ನಿಲ್ಲುತ್ತದೆ. ಅಷ್ಟರಲ್ಲಿ ಬಾಡಿಗೆ ಮನೆಯ ಅಡ್ವಾನ್ಸ್, ಊಟ, ಬಸ್ ಚಾರ್ಜು. ಮನೆಯಲ್ಲಿ ‘ಗೌರ್ಮೆಂಟ್ ಕೆಲಸ ಸಿಕ್ಕಿತಲ್ಲ’ ಅಂತ ಖುಷಿಯಲ್ಲಿದ್ದಾರೆ, ಅವರ ಹತ್ತಿರ ದುಡ್ಡು ಕೇಳಲು ಬಾಯಿ ಬರುವುದಿಲ್ಲ.

ಸಂಘ ಇಲ್ಲಿ ಮಾಡಬಹುದಾದದ್ದು ಬಹಳ ಇದೆ. ಒಂದು ಶನಿವಾರ ಮಧ್ಯಾಹ್ನ, ಬೆಳಗಿನ ಶಾಲೆ ಮುಗಿದ ಮೇಲೆ, ಗುರುಭವನದಲ್ಲಿ ದಾಖಲೆಗಳ ಶಿಬಿರ ಇಡಿ. ಭಾಷಣ ಬೇಡ. ನಾಲ್ಕು ಟೇಬಲ್, ಒಂದು ಜೆರಾಕ್ಸ್ ಯಂತ್ರ, ಒಂದು ಲ್ಯಾಪ್‌ಟಾಪ್, ಈ ಕೆಲಸ ಗೊತ್ತಿರುವ ನಾಲ್ಕು ಜನ ಇದ್ದರೆ ಆಯಿತು. ಎಸ್ಸೆಸ್ಸೆಲ್ಸಿಯಿಂದ ಬಿ.ಇಡಿವರೆಗಿನ ಅಂಕಪಟ್ಟಿ, ಟಿಇಟಿ (ಶಿಕ್ಷಕರ ಅರ್ಹತಾ ಪರೀಕ್ಷೆ) ಪ್ರಮಾಣಪತ್ರ, ಜಾತಿ ಪ್ರಮಾಣಪತ್ರ, ಆಧಾರ್, ಪ್ಯಾನ್, ಬ್ಯಾಂಕ್ ಪಾಸ್‌ಬುಕ್, ಫೋಟೊ ಎಲ್ಲವನ್ನೂ ಒಂದೇ ಕ್ರಮದಲ್ಲಿ ಜೋಡಿಸಿ, ಪ್ರತಿಯೊಬ್ಬರಿಗೂ ಮೂರು ಸೆಟ್ ಮಾಡಿಕೊಡಿ.

ಹೆಸರು ನೋಡುವಾಗ ಅವಸರ ಮಾಡಬೇಡಿ. ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ಇನಿಶಿಯಲ್ ಹಿಂದೆ, ಆಧಾರ್‌ನಲ್ಲಿ ಮುಂದೆ, ಪ್ಯಾನ್‌ನಲ್ಲಿ ತಂದೆಯ ಪೂರ್ತಿ ಹೆಸರು, ಮದುವೆಯಾದವರಿಗೆ ಬ್ಯಾಂಕಿನಲ್ಲಿ ಗಂಡನ ಹೆಸರು. ಒಬ್ಬರೇ ಶಿಕ್ಷಕಿ ನಾಲ್ಕು ದಾಖಲೆಯಲ್ಲಿ ನಾಲ್ಕು ಹೆಸರಿನಲ್ಲಿ ಇರುತ್ತಾರೆ. ಇದು ಶಿಬಿರದಲ್ಲೇ ಸಿಕ್ಕಿಬಿದ್ದರೆ ತಿದ್ದಿಸಬಹುದು. ಆನ್‌ಲೈನ್‌ನಲ್ಲಿ ತಪ್ಪು ಹೆಸರು ಸೇರಿದ ಮೇಲೆ ಗೊತ್ತಾದರೆ ತಿಂಗಳುಗಟ್ಟಲೆ ಅಲೆದಾಟ.

ಕೆಜಿಐಡಿ (ಕರ್ನಾಟಕ ಸರ್ಕಾರಿ ವಿಮಾ ಇಲಾಖೆ) ವಿಮೆ ಸರ್ಕಾರಿ ನೌಕರರಿಗೆ ಕಡ್ಡಾಯ. ಅದರ ಅರ್ಜಿ ಅಲ್ಲೇ ತುಂಬಿಸಿ. ನಾಮಿನಿ ಜಾಗ ಖಾಲಿ ಬಿಡದಂತೆ ನೋಡಿಕೊಳ್ಳಿ. ಮದುವೆಯಾದ ಮೇಲೆ ನಾಮಿನಿಯನ್ನು ಮತ್ತೆ ಬರೆಸಬೇಕು ಎಂಬುದನ್ನು ಬಾಯಿಬಿಟ್ಟು ಹೇಳಿ. ಶಿಕ್ಷಕರ ಕಲ್ಯಾಣ ನಿಧಿಯ ಸದಸ್ಯತ್ವದ ಬಗ್ಗೆಯೂ ಅವತ್ತೇ ತಿಳಿಸಿ. ಮಕ್ಕಳ ಓದಿಗೆ, ಕಾಯಿಲೆ ಕಸಾಲೆಗೆ ಅಲ್ಲಿಂದ ನೆರವು ಸಿಗುತ್ತದೆ.

ಇಷ್ಟಾದ ಮೇಲೂ ಸಂಬಳ ತಡವಾದರೆ? ಒಬ್ಬೊಬ್ಬರೇ ಕಚೇರಿಗೆ ಹೋಗಿ ನಿಲ್ಲುವುದು ಬೇಡ. ಯಾರ ಕಡತ ಯಾವ ಹಂತದಲ್ಲಿದೆ ಎಂದು ಪಟ್ಟಿ ಮಾಡಿ, ಸಂಘದ ಲೆಟರ್‌ಹೆಡ್‌ನಲ್ಲಿ ಬಿಇಒ ಅವರಿಗೆ ಮನವಿ ಕೊಡಿ, ಸ್ವೀಕೃತಿ ಪಡೆಯಿರಿ. ಅನೇಕ ತಾಲ್ಲೂಕುಗಳಲ್ಲಿ ಶಿಕ್ಷಕರದೇ ಪತ್ತಿನ ಸಹಕಾರ ಸಂಘಗಳಿವೆ. ಹೊಸಬರಿಗೆ ಸಣ್ಣ ಕೈಗಡ ಕೊಡಲು ನಿಯಮದಲ್ಲಿ ಅವಕಾಶ ಇದೆಯಾ ಅಂತ ಆಡಳಿತ ಮಂಡಳಿಯನ್ನು ಕೇಳಿ.

ಆಮೇಲೆ ಪರಿಚಯ ಸಭೆ

ಇದೂ ಶನಿವಾರ ಮಧ್ಯಾಹ್ನವೇ ಇರಲಿ, ಎರಡು ಗಂಟೆಯೊಳಗೆ ಮುಗಿಯಲಿ. ದೂರದಿಂದ ಬಂದವರು ಬಸ್ ಹಿಡಿಯಬೇಕು, ಮನೆಯಲ್ಲಿ ಸಣ್ಣ ಮಕ್ಕಳಿರುತ್ತಾರೆ. ವೇದಿಕೆಯ ಮೇಲೆ ಹದಿನೈದು ಕುರ್ಚಿ ಹಾಕಿ ಎಲ್ಲರಿಗೂ ಮೈಕ್ ಕೊಟ್ಟರೆ ಹೊಸಬರ ಬಾಯಿಗೆ ಮಾತು ಬರುವ ಹೊತ್ತಿಗೆ ಸಭೆ ಮುಗಿದಿರುತ್ತದೆ. ಕುರ್ಚಿಗಳನ್ನು ಸುಮ್ನೆ ಸುತ್ತ ಹಾಕಿ. ಮೊದಲ ಅರ್ಧ ಗಂಟೆ ಅವರೇ ಮಾತಾಡಲಿ.

ಅವರ ಪ್ರಶ್ನೆಗಳು ಹೆಚ್ಚುಕಮ್ಮಿ ಗೊತ್ತಿರುವಂಥವೇ. ‘ಪ್ರೊಬೇಷನ್‌ನಲ್ಲಿ (ಕಾಯಂ ಆಗುವ ಮೊದಲಿನ ಪರೀಕ್ಷಾರ್ಥ ಅವಧಿಯಲ್ಲಿ) ಇರುವಾಗ ಸಂಘ ಸೇರಿದರೆ ತೊಂದರೆ ಆಗುತ್ತಾ?’ ಆಗುವುದಿಲ್ಲ. ಸಂಘ ಕಟ್ಟಿಕೊಳ್ಳುವ ಹಕ್ಕನ್ನು ಸಂವಿಧಾನದ 19ನೇ ವಿಧಿಯೇ ಕೊಟ್ಟಿದೆ. ಆದರೆ ಪೂರ್ತಿ ಚಿತ್ರ ಕೊಡಿ. ಸರ್ಕಾರಿ ನೌಕರರಿಗೆ ಮುಷ್ಕರದ ಹಕ್ಕಿಲ್ಲ ಎಂದು ಸುಪ್ರೀಂ ಕೋರ್ಟ್ 2003ರಲ್ಲಿ ತಮಿಳುನಾಡಿನ ಪ್ರಕರಣದಲ್ಲಿ ಹೇಳಿದೆ. ನಡತೆ ನಿಯಮಗಳೂ ಇವೆ. ಇದನ್ನು ಮುಚ್ಚಿಟ್ಟು ಹುರಿದುಂಬಿಸುವುದು ಹೊಸಬರಿಗೆ ಮಾಡುವ ಅನ್ಯಾಯ.

‘ಊರ ಕಡೆ ವರ್ಗಾವಣೆ ಯಾವಾಗ?’ ಇದಂತೂ ಬಂದೇ ಬರುತ್ತದೆ. ಶಿಕ್ಷಕರ ವರ್ಗಾವಣೆಗೆ 2020ರ ಕಾಯ್ದೆ ಇದೆ. ಶಾಲೆ ಪಟ್ಟಣಕ್ಕೆ ಎಷ್ಟು ಹತ್ತಿರ ಎಂಬುದರ ಮೇಲೆ ಎ, ಬಿ, ಸಿ ವಲಯಗಳಿವೆ, ಕೌನ್ಸೆಲಿಂಗ್ ಇದೆ. ಇತ್ತೀಚಿನ ಸುತ್ತೋಲೆ ತಂದು, ಓದಿ ವಿವರಿಸಿ. ‘ನಾವು ಮಾಡಿಸಿಕೊಡ್ತೀವಿ’ ಎಂಬ ಮಾತು ಸಂಘದ ಯಾರ ಬಾಯಿಂದಲೂ ಬರಬಾರದು. ಹಾಗೆ ಹೇಳಿಕೊಂಡು ಬರುವ ಮಧ್ಯವರ್ತಿಗಳಿಂದ ದೂರ ಇರಲು ಹೇಳಿ.

ರಜೆಯ ವಿಷಯ ಬಂದಾಗ, ಶಿಕ್ಷಕರು ಬೇಸಿಗೆ, ದಸರಾ ರಜೆ ಪಡೆಯುವ ನೌಕರರಾದ್ದರಿಂದ ಗಳಿಕೆ ರಜೆ ವರ್ಷಕ್ಕೆ 10 ದಿನ ಮಾತ್ರ, ಬೇರೆ ಇಲಾಖೆಯವರಿಗೆ 30 ಎಂಬುದನ್ನು ತಿಳಿಸಿ. ಬಹಳ ಜನ ತಪ್ಪು ಲೆಕ್ಕ ಇಟ್ಟುಕೊಂಡಿರುತ್ತಾರೆ.

ಸಂಘಟನೆಯಿಂದ ಏನಾಗಿದೆ ಎಂಬುದನ್ನು ಉದಾಹರಣೆ ಕೊಟ್ಟು ಹೇಳಿ. 2023ರ ಮಾರ್ಚ್ 1ರಂದು ರಾಜ್ಯದ ಸರ್ಕಾರಿ ನೌಕರರು ಕೆಲಸಕ್ಕೆ ಹೋಗದೆ ಕೂತರು, ಅವತ್ತೇ ಮೂಲ ವೇತನದ ಶೇ 17ರಷ್ಟು ಮಧ್ಯಂತರ ಪರಿಹಾರದ ಆದೇಶ ಬಂತು. 7ನೇ ವೇತನ ಆಯೋಗದ ವೇತನ 2024ರ ಆಗಸ್ಟ್ 1ರಿಂದ ಜಾರಿಯಾಯಿತು. ಆಗದ ಕೆಲಸವನ್ನೂ ಹೇಳಿ. 2006ರ ಏಪ್ರಿಲ್ 1ರಿಂದ ಸೇವೆಗೆ ಸೇರಿದವರು ಎನ್‌ಪಿಎಸ್‌ಗೆ ಬರುತ್ತಾರೆ. ಮೂಲ ವೇತನ ಮತ್ತು ತುಟ್ಟಿಭತ್ಯೆಯ ಶೇ 10 ಅವರ ಸಂಬಳದಿಂದ ಕಡಿತವಾಗುತ್ತದೆ. ಹಳೆ ಪಿಂಚಣಿಗಾಗಿ ಹೋರಾಟ ವರ್ಷಗಳಿಂದ ನಡೆದಿದೆ. ಸಂಬಳದ ಚೀಟಿಯಲ್ಲಿ ಆ ಕಡಿತ ನೋಡಿದಾಗ ಹೊಸಬರಿಗೆ ಆಶ್ಚರ್ಯ ಆಗಬಾರದು.

ಪಿಎಸ್‌ಟಿ, ಜಿಪಿಟಿ ಮಾತನ್ನು ತಪ್ಪಿಸಬೇಡಿ

ಇದು ಕಷ್ಟದ ಜಾಗ. ಪಿಎಸ್‌ಟಿ ಅಂದರೆ ಪ್ರಾಥಮಿಕ ಶಾಲಾ ಶಿಕ್ಷಕರು, ಜಿಪಿಟಿ ಅಂದರೆ ಪದವೀಧರ ಪ್ರಾಥಮಿಕ ಶಿಕ್ಷಕರು. 2017ರ ವೃಂದ ಮತ್ತು ನೇಮಕಾತಿ ನಿಯಮಗಳು ಬಂದ ಮೇಲೆ, 1ರಿಂದ 7ನೇ ತರಗತಿಗೆ ಅಂತ ನೇಮಕವಾಗಿದ್ದ ಹಿರಿಯ ಶಿಕ್ಷಕರು 1ರಿಂದ 5ಕ್ಕೆ ಸೀಮಿತವಾದರು. ಅವರಲ್ಲಿ ಪದವಿ, ಬಿ.ಇಡಿ ಮಾಡಿದವರು ಎಷ್ಟೋ ಜನ. ವರ್ಷಗಟ್ಟಲೆ ಏಳನೇ ತರಗತಿಗೆ ಪಾಠ ಮಾಡಿದವರು. ಈಗ 6ರಿಂದ 8ಕ್ಕೆ ಹೊಸ ಪದವೀಧರ ಶಿಕ್ಷಕರು ನೇರವಾಗಿ ಬರುತ್ತಿದ್ದಾರೆ. 2024ರ ಆಗಸ್ಟ್‌ನಲ್ಲಿ ಬೆಂಗಳೂರಿನ ಫ್ರೀಡಂ ಪಾರ್ಕ್‌ನಲ್ಲಿ ಪ್ರಾಥಮಿಕ ಶಾಲಾ ಶಿಕ್ಷಕರು ಸೇರಿದ್ದಕ್ಕೆ ಮುಖ್ಯ ಕಾರಣ ಇದೇ.

ಹಿರಿಯರ ನೋವು ನಿಜ. ಆ ನಿಯಮವನ್ನು ಹೊಸಬರು ಮಾಡಿಲ್ಲ ಎಂಬುದೂ ನಿಜ. ಸ್ಟಾಫ್ ರೂಮಿನಲ್ಲಿ ‘ನೀವು ಜಿಪಿಟಿಯವರು’ ಎಂಬ ಮಾತು ಮೊದಲ ವಾರದಲ್ಲೇ ಕಿವಿಗೆ ಬಿದ್ದರೆ ಅವರು ಸಂಘದ ಕಡೆ ತಲೆ ಹಾಕುವುದಿಲ್ಲ. ಬೇರೆ ಸಂಘ ಮಾಡಿಕೊಳ್ಳುತ್ತಾರೆ. ನನಗೆ ಅನಿಸುವುದು, ಇದನ್ನು ಸಭೆಯಲ್ಲಿ ಅಧ್ಯಕ್ಷರೇ ಎತ್ತಬೇಕು. ಹಿರಿಯರ ಬೇಡಿಕೆ ಏನು, ಅದು ಈಡೇರಿದರೆ ಹೊಸಬರ ಜ್ಯೇಷ್ಠತೆಗೆ ಏನಾಗುತ್ತದೆ ಎಂಬುದನ್ನು ನೇರವಾಗಿ ಮಾತಾಡಬೇಕು. ಉತ್ತರ ಸಿಗದಿದ್ದರೂ ಪರವಾಗಿಲ್ಲ, ಒಬ್ಬರ ಬೆನ್ನ ಹಿಂದೆ ಇನ್ನೊಬ್ಬರು ಆಡುವುದು ನಿಲ್ಲುತ್ತದೆ.

ಪಾಠದ ಮಾತೂ ಇರಲಿ

ಸಂಘ ಅಂದರೆ ಸಂಬಳ, ಭತ್ಯೆ ಮಾತ್ರ ಎಂಬ ಭಾವನೆ ಹೊಸಬರಲ್ಲಿ ಇರುತ್ತದೆ. ಪಾಠದಲ್ಲೂ ಶಿಕ್ಷಕರೇ ಹೊಸದನ್ನು ಕಟ್ಟಿದ ಉದಾಹರಣೆ ಕೊಡಿ. ಚಟುವಟಿಕೆಗಳ ಮೂಲಕ ಕಲಿಸುವ ನಲಿ-ಕಲಿ ಪದ್ಧತಿ ಶುರುವಾಗಿದ್ದು 1995ರಲ್ಲಿ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆ ತಾಲ್ಲೂಕಿನ ಸರ್ಕಾರಿ ಶಾಲೆಗಳಲ್ಲಿ. ಆಂಧ್ರಪ್ರದೇಶದ ಋಷಿವ್ಯಾಲಿಯ ಶಾಲೆಗಳನ್ನು ನೋಡಿ ಬಂದ ಶಿಕ್ಷಕರೇ ಅದನ್ನು ಬೆಳೆಸಿದರು. ನಿಮ್ಮ ತಾಲ್ಲೂಕಿನಲ್ಲೂ ಚೆನ್ನಾಗಿ ಪಾಠ ಮಾಡುವವರು ಇದ್ದೇ ಇರುತ್ತಾರೆ. ಮುಖ್ಯ ಶಿಕ್ಷಕರ ಒಪ್ಪಿಗೆ ಪಡೆದು ಅಂಥವರ ತರಗತಿಯಲ್ಲಿ ಹೊಸಬರು ಅರ್ಧ ದಿನ ಕೂರುವ ಹಾಗೆ ಮಾಡಿ.

ಸದಸ್ಯತ್ವ ಮತ್ತು ದುಡ್ಡಿನ ಲೆಕ್ಕ

ಈಗ ರಸೀದಿ ಪುಸ್ತಕ ತೆಗೆಯಬಹುದು. ಜೊತೆಗೆ ಬೈಲಾ ಮತ್ತು ಹಿಂದಿನ ವರ್ಷದ ಲೆಕ್ಕಪತ್ರವನ್ನೂ ಕೊಡಿ. ಶಿಕ್ಷಕರು ಆಗ ಜಾರಿಯಲ್ಲಿದ್ದ ಕೈಗಾರಿಕಾ ವಿವಾದ ಕಾಯ್ದೆಯ ಪ್ರಕಾರ ಕಾರ್ಮಿಕರಲ್ಲ ಎಂದು ಸುಪ್ರೀಂ ಕೋರ್ಟ್ 1988ರಲ್ಲಿ ತೀರ್ಪು ಕೊಟ್ಟಿದೆ. ನಮ್ಮಲ್ಲಿ ಇಂಥ ಸಂಘಗಳು ಕಾರ್ಮಿಕ ಸಂಘಗಳಾಗಿ ಅಲ್ಲದೆ ಸಾಮಾನ್ಯವಾಗಿ 1960ರ ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆಯಡಿ ನೋಂದಣಿಯಾಗುತ್ತವೆ. ಹಾಗಾಗಿ ವಾರ್ಷಿಕ ಸಭೆ, ಆಡಿಟ್ ಆದ ಲೆಕ್ಕ ಕೇಳುವುದು ಸದಸ್ಯರ ಹಕ್ಕು. ಮೊದಲ ದಿನವೇ ಅದನ್ನು ಅವರಿಗೆ ಹೇಳುವ ಧೈರ್ಯ ಸಂಘಕ್ಕೆ ಇರಬೇಕು. ವಂತಿಗೆ ಸಂಬಳದಲ್ಲಿ ಕಡಿತವಾಗುವುದಾದರೆ ಮೊದಲೇ ತಿಳಿಸಿ ಒಪ್ಪಿಗೆ ಪಡೆಯಿರಿ. ಸೇರುವುದಿಲ್ಲ ಅಂದವರಿಗೂ ದಾಖಲೆ ಶಿಬಿರದ ಸಹಾಯ ನಿಲ್ಲಬಾರದು.

ಸೇರಿದವರಿಗೆ ಕೆಲಸ ಕೊಡಿ. ಸೆಪ್ಟೆಂಬರ್ 5ರ ಕಾರ್ಯಕ್ರಮದಲ್ಲಿ ನಿರೂಪಣೆ, ಪ್ರಾರ್ಥನೆ ಮಾತ್ರ ಅವರ ಪಾಲಿಗೆ ಬರುವುದು ಬೇಡ. ಸುತ್ತೋಲೆಗಳನ್ನು ಓದಿ ಎರಡು ಸಾಲಿನಲ್ಲಿ ತಿಳಿಸುವುದು, ಮನವಿ ಪತ್ರ ಬರೆಯುವುದು, ಲೆಕ್ಕ ನೋಡುವುದು ಇಂಥವು ಅವರಿಗೆ ಚೆನ್ನಾಗಿ ಬರುತ್ತವೆ. ಶಿಕ್ಷಕಿಯರನ್ನು ಖಜಾಂಚಿ, ಕಾರ್ಯದರ್ಶಿ ಸ್ಥಾನದ ಚುನಾವಣೆಗೆ ನಿಲ್ಲಲು ಒತ್ತಾಯ ಮಾಡಿ. ಉಪಾಧ್ಯಕ್ಷೆ ಎಂಬ ಹೆಸರಷ್ಟೇ ಕೊಟ್ಟು ಕೈತೊಳೆದುಕೊಳ್ಳಬೇಡಿ.

ಎರಡು ವರ್ಷದ ನಂತರದ ಒಂದು ಫೋನ್

ಪರೀಕ್ಷಾರ್ಥ ಅವಧಿ ಎರಡು ವರ್ಷ. ಅದು ತಾನಾಗಿಯೇ ಮುಗಿಯುವುದಿಲ್ಲ. ತೃಪ್ತಿಕರವಾಗಿ ಪೂರೈಸಿದ್ದಾರೆ ಎಂದು ಆದೇಶ ಆಗಬೇಕು. ಅಲ್ಲಿಯವರೆಗೆ ಪ್ರೊಬೇಷನರ್ ಆಗಿಯೇ ಉಳಿಯುತ್ತಾರೆ. ಇದು ಗೊತ್ತಿಲ್ಲದೆ ಸುಮ್ಮನಿದ್ದವರು ಪ್ರತಿ ತಾಲ್ಲೂಕಿನಲ್ಲೂ ಸಿಗುತ್ತಾರೆ. ಆದ್ದರಿಂದ ಹೊಸಬರು ಹಾಜರಾದ ದಿನಾಂಕಗಳನ್ನೆಲ್ಲ ಸಂಘದ ಒಂದು ಪುಸ್ತಕದಲ್ಲಿ ಬರೆದಿಡಿ. ಎರಡು ವರ್ಷ ತುಂಬಲು ಒಂದು ತಿಂಗಳಿರುವಾಗ ಪ್ರತಿಯೊಬ್ಬರಿಗೂ ಫೋನ್ ಮಾಡಿ. ಸೇವಾ ಪುಸ್ತಕದಲ್ಲಿ ಯಾವ ನಮೂದು ಬಾಕಿ ಇದೆ ಕೇಳಿ, ಮುಖ್ಯ ಶಿಕ್ಷಕರ ಮೂಲಕ ಪ್ರಸ್ತಾವನೆ ಬಿಇಒ ಕಚೇರಿಗೆ ಹೋಗುವಂತೆ ನೋಡಿಕೊಳ್ಳಿ. ಅಧ್ಯಕ್ಷರು ಬದಲಾದರೂ ಆ ಪುಸ್ತಕ ಮುಂದಿನವರ ಕೈಗೆ ಹೋಗಲಿ.