ಒಂದೇ ರಾತ್ರಿ, ಒಂದೇ ಬೀದಿ: ಹ್ಯಾಲೋವೀನ್ ಆಂಥಾಲಜಿ ಮಾಡಿದ ನನ್ನ ಅನುಭವ

ಹ್ಯಾಲೋವೀನ್ ಅಂದರೆ ಅಕ್ಟೋಬರ್ 31ರ ರಾತ್ರಿ ಮಕ್ಕಳು ವೇಷ ಹಾಕಿಕೊಂಡು ಮನೆ ಮನೆಗೆ ಹೋಗಿ ಕ್ಯಾಂಡಿ ಕೇಳುವ ಹಬ್ಬ. ಆ ರಾತ್ರಿ ನಡೆಯುವ ಹಾರರ್ ಕಾಮಿಡಿ ಆಂಥಾಲಜಿ, ಅಂದರೆ ಹಲವು ಸಣ್ಣ ಕಥೆಗಳನ್ನು ಸೇರಿಸಿದ ಒಂದೇ ಸಿನಿಮಾ, ಮಾಡುವುದಾದರೆ ಕಥೆಗಿಂತ ಮುಂಚೆ ಆ ರಾತ್ರಿಯನ್ನು ಬರೆದುಕೊಳ್ಳಬೇಕು. ಎಷ್ಟು ಹೊತ್ತಿಗೆ ಕತ್ತಲಾಗುತ್ತದೆ, ಮಕ್ಕಳು ಯಾವಾಗ ಬೀದಿಗಿಳಿಯುತ್ತಾರೆ, ಯಾವ ಮನೆಯ ದೀಪ ಯಾವಾಗ ಆರುತ್ತದೆ, ಆಗ ಎದುರು ಮನೆಯಲ್ಲಿ ಏನು ನಡೀತಿರುತ್ತದೆ. ಇದಿಷ್ಟನ್ನೂ ಬೀದಿಯ ನಕ್ಷೆ ಸಮೇತ ಒಂದು ದೊಡ್ಡ ಹಾಳೆಯಲ್ಲಿ ಬರೆದು ಗೋಡೆಗೆ ಅಂಟಿಸಿದ ಮೇಲೇ ನಾವು ಸ್ಕ್ರಿಪ್ಟ್ ಶುರು ಮಾಡಿದ್ದು. ಆ ಹಾಳೆ ಇಲ್ಲದಿದ್ದರೆ ನಮ್ಮದು ನಾಲ್ಕು ಕಿರುಚಿತ್ರಗಳ ಕಟ್ಟು ಆಗಿರುತ್ತಿತ್ತು, ಒಂದು ಸಿನಿಮಾ ಆಗಿರುತ್ತಿರಲಿಲ್ಲ.

ನಾನಿರುವುದು ಅಮೆರಿಕದ ಒಹಾಯೋದಲ್ಲಿ, ಕೊಲಂಬಸ್ ಹತ್ತಿರ. ಹೊಟ್ಟೆಪಾಡಿನ ಕೆಲಸ ಬೇರೆ, ಸಿನಿಮಾ ಏನಿದ್ದರೂ ಶನಿವಾರ ಭಾನುವಾರ. ತಂಡದಲ್ಲಿ ಅರ್ಧ ಕನ್ನಡದವರು, ಅರ್ಧ ಇಲ್ಲಿನವರು. ಚಿತ್ರ ಒಂದು ಗಂಟೆಗಿಂತ ಸ್ವಲ್ಪ ಜಾಸ್ತಿ ಇದೆ.

ಆಂಥಾಲಜಿ ಅಂದ ತಕ್ಷಣ ನಮ್ಮವರಿಗೆ ನೆನಪಾಗುವುದು ಪುಟ್ಟಣ್ಣ ಕಣಗಾಲರ 1976ರ ‘ಕಥಾಸಂಗಮ’. ಅಲ್ಲಿ ಮೂರು ಕಥೆ, ಮೂರಕ್ಕೂ ಬೇರೆ ಬೇರೆ ಲೋಕ. ಒಂದು ಮುಗಿದರೆ ಮುಗಿಯಿತು, ಮನಸ್ಸು ಖಾಲಿ ಮಾಡಿಕೊಂಡು ಮುಂದಿನದಕ್ಕೆ ಕೂರಬೇಕು. ಹ್ಯಾಲೋವೀನ್ ಚಿತ್ರಗಳಲ್ಲಿ ಹಾಗಲ್ಲ, ಎಲ್ಲ ಕಥೆಗಳೂ ಒಂದೇ ರಾತ್ರಿಯನ್ನು ಹಂಚಿಕೊಳ್ಳುತ್ತವೆ. 2015ರ ‘ಟೇಲ್ಸ್ ಆಫ್ ಹ್ಯಾಲೋವೀನ್’ನಲ್ಲಿ ಹತ್ತು ಕಥೆ ಇವೆ, ಊರು ಒಂದೇ, ಜೊತೆಗೊಂದು ರೇಡಿಯೋ ದನಿ. ಮೈಕಲ್ ಡೌಹರ್ಟಿ 2007ರಲ್ಲಿ ಮಾಡಿದ ‘ಟ್ರಿಕ್ ಆರ್ ಟ್ರೀಟ್’ ಇನ್ನೂ ಒಂದು ಹೆಜ್ಜೆ ಮುಂದೆ ಹೋಗುತ್ತದೆ. ಅದೂ ಒಹಾಯೋದಲ್ಲಿರುವ ಒಂದು ಕಲ್ಪನೆಯ ಊರಿನ ಕಥೆಯೇ. ಒಂದು ಕಥೆಯವರು ಇನ್ನೊಂದು ಕಥೆಯ ಹಿನ್ನೆಲೆಯಲ್ಲಿ ಸುಮ್ನೆ ನಡೆದು ಹೋಗುತ್ತಾರೆ, ಕಾಲ ಹಿಂದೆ ಮುಂದೆ ಆಗುತ್ತದೆ, ತಲೆಗೆ ಗೋಣಿಚೀಲ ಹಾಕಿಕೊಂಡ ಒಂದು ಪುಟ್ಟ ಜೀವ ಎಲ್ಲ ಕಡೆ ಇಣುಕುತ್ತದೆ. ನನಗೆ ಬೇಕಿದ್ದದ್ದು ಈ ದಾರಿ. ಹಿನ್ನೆಲೆಯಲ್ಲಿ ನಡೆದು ಹೋಗುವವನಿಗೆ ಮುಂದೆ ಏನಾಗುತ್ತದೆ ಅಂತ ನೋಡುವವರಿಗೆ ಗೊತ್ತಿದ್ದರೆ, ಅವನು ಬರೀ ‘ಗುಡ್ ನೈಟ್’ ಅಂದರೂ ಎದೆ ಝಲ್ ಅನ್ನುತ್ತದೆ. ಆ ಭಯಕ್ಕೆ ಮ್ಯೂಸಿಕ್ ಬೇಡ, ಎಫೆಕ್ಟ್ಸ್ ಬೇಡ.

ಎಲ್ಲ ಕಥೆಗಳನ್ನೂ ಒಂದಾಗಿ ಕಟ್ಟುವ ಸುತ್ತುಕಥೆಯ ವಿಷಯಕ್ಕೆ ಮಾತ್ರ ನಾನು ಹೋಗಿದ್ದು ಬೇತಾಳನ ಹತ್ತಿರ. ಇಪ್ಪತ್ತೈದು ಕಥೆ, ಒಂದೇ ರಾತ್ರಿ, ಒಂದೇ ಸ್ಮಶಾನ. ರಾಜ ಬಾಯಿ ಬಿಟ್ಟರೆ ಹೆಣ ಮತ್ತೆ ಮರಕ್ಕೆ. ಹಾರರ್ ಕಾಮಿಡಿಗೆ ಇದಕ್ಕಿಂತ ಗಟ್ಟಿ ಚೌಕಟ್ಟು ನನಗೆ ಎಲ್ಲೂ ಸಿಕ್ಕಿಲ್ಲ. ಅಲ್ಲಿ ಸುತ್ತುಕಥೆಗೇ ಒಂದು ನಿಯಮ ಇದೆ, ಅದನ್ನು ಮುರಿದರೆ ಕಥೆ ಮುಂದೆ ಹೋಗುತ್ತದೆ. ನಮಗೂ ಅಂಥದ್ದೊಂದು ನಿಯಮ ಬೇಕಿತ್ತು. ಅದು ಬೀದಿಯಲ್ಲೇ ಸಿಕ್ಕಿತು. ಇಲ್ಲಿ ಹ್ಯಾಲೋವೀನ್ ದಿನ ಮನೆಯಲ್ಲಿ ಇರಲಾಗದವರು ಜಗಲಿ ಮೇಲೆ ಒಂದು ಬೋಗುಣಿ ತುಂಬ ಕ್ಯಾಂಡಿ ಇಟ್ಟು, ‘ಒಬ್ಬರಿಗೆ ಒಂದೇ’ ಅಂತ ಚೀಟಿ ಬರೆದು ಹೋಗುತ್ತಾರೆ. ನಮ್ಮ ಚಿತ್ರದಲ್ಲಿ ಆ ಬೋಗುಣಿಯಿಂದ ಯಾರು ಎರಡು ತೆಗೆದುಕೊಳ್ಳುತ್ತಾರೋ, ಕ್ಯಾಮೆರಾ ಅವರ ಹಿಂದೆ ಅವರ ಮನೆಗೆ ಹೋಗುತ್ತದೆ. ಅಷ್ಟೇ. ಯಾರೂ ಇದನ್ನು ಬಾಯಿಬಿಟ್ಟು ಹೇಳುವುದಿಲ್ಲ. ಎರಡನೇ ಕಥೆ ಶುರುವಾಗುವ ಹೊತ್ತಿಗೆ ನೋಡುವವರೇ ಯಾರ ಕೈಯಲ್ಲಿ ಎಷ್ಟು ಅಂತ ಎಣಿಸತೊಡಗುತ್ತಾರೆ.

ಆಮೇಲೆ ವರ್ಷ. ಕಥೆ ನಡೆಯುವುದು 2024ರ ಅಕ್ಟೋಬರ್ 31ಕ್ಕೆ ಅಂತ ನಿರ್ಧಾರ ಮಾಡಿದೆವು, ಯಾಕೆಂದರೆ ಆ ಸಂಜೆ ಇಲ್ಲಿ ಅಮಾವಾಸ್ಯೆ, ದೀಪಾವಳಿಯ ಲಕ್ಷ್ಮೀ ಪೂಜೆ. ನಮ್ಮವರ ಮನೆ ಮುಂದೆ ಹಣತೆ, ಪಕ್ಕದ ಮನೆ ಮುಂದೆ ಕಣ್ಣು ಬಾಯಿ ಕೊರೆದ ಕುಂಬಳಕಾಯಿ, ಎರಡರಲ್ಲೂ ದೀಪ. ಇದರಿಂದ ಎರಡು ಲಾಭ ಆಯಿತು. ಚಂದ್ರನೇ ಇಲ್ಲದ ರಾತ್ರಿ ಆದ್ದರಿಂದ ಹಾರರ್ ಚಿತ್ರಗಳಲ್ಲಿ ಎಲ್ಲೆಲ್ಲೂ ಕಾಣುವ ಆ ನೀಲಿ ಬೆಳದಿಂಗಳನ್ನು ಪೂರ್ತಿ ಬಿಟ್ಟೆವು. ಮುಖದ ಮೇಲೆ ಬೀಳುವ ಬೆಳಕೆಲ್ಲ ಹಣತೆಯದ್ದು, ಕುಂಬಳದ್ದು, ಜಗಲಿ ಬಲ್ಬಿನದ್ದು, ಬೀದಿದೀಪದ್ದು. ಸೋನಿ ಎ7ಎಸ್ 3 ಕ್ಯಾಮೆರಾದಲ್ಲಿ ಎಸ್-ಲಾಗ್3ಗೆ (ಆಮೇಲೆ ಬಣ್ಣ ತಿದ್ದಲು ಅನುಕೂಲವಾಗುವ ರೆಕಾರ್ಡಿಂಗ್ ಬಗೆ) ಕಡಿಮೆ ಬೆಳಕಿಗೆಂದೇ ಇರುವ ಎರಡನೇ ಬೇಸ್ ಐಎಸ್‌ಒ 12,800. ಬೆಳಕಿಗೆ ಕ್ಯಾಮೆರಾದ ಸೂಕ್ಷ್ಮತೆಯನ್ನು ಆ ಮಟ್ಟದಲ್ಲಿ ಇಟ್ಟರೆ ನಾಲ್ಕೈದು ಹಣತೆಯ ಬೆಳಕಲ್ಲೇ ಮುಖ ಚೆನ್ನಾಗಿ ಬರುತ್ತದೆ. ಇನ್ನೊಂದು ಲಾಭ, ತೋಳಮನುಷ್ಯ. ಹುಣ್ಣಿಮೆ ಇಲ್ಲದೆ ಅವನು ತೋಳ ಆಗುವ ಹಾಗಿಲ್ಲ, ಆದರೆ ಹ್ಯಾಲೋವೀನ್ ಅವನಿಗೆ ವರ್ಷದಲ್ಲೇ ಇಷ್ಟದ ಹಬ್ಬ. ಪಾಪ, ಮಾಮೂಲಿ ಶರ್ಟು ಪ್ಯಾಂಟಿನಲ್ಲಿ ಬೀದಿ ಸುತ್ತುತ್ತಾನೆ. ಎಲ್ಲರೂ ‘ನಿಮ್ಮ ವೇಷ ಎಲ್ಲಿ?’ ಅಂತ ಕೇಳುತ್ತಾರೆ. 2020ರ ಅಕ್ಟೋಬರ್ 31ಕ್ಕೆ ಹುಣ್ಣಿಮೆ ಇತ್ತಲ್ವಾ, ಆ ರಾತ್ರಿಯನ್ನು ನೆನೆಸಿಕೊಂಡು ಕಣ್ಣು ತುಂಬಿಕೊಳ್ಳುತ್ತಾನೆ. ಅವನು ಬೋಗುಣಿಯಿಂದ ಸರಿಯಾಗಿ ಒಂದೇ ಕ್ಯಾಂಡಿ ತೆಗೆದುಕೊಳ್ಳುವವನು, ಹಾಗಾಗಿ ಕ್ಯಾಮೆರಾ ಅವನ ಹಿಂದೆ ಹೋಗುವುದಿಲ್ಲ. ಉಳಿದ ಮೂರು ಕಥೆಗಳ ನಡುವೆ ತುಂಡು ತುಂಡಾಗಿ ಬರುತ್ತಾನೆ. ನಗು ಅವನ ಹೊಣೆ.

ಶೂಟಿಂಗ್ ಮಾಡಿದ್ದು ಮರುವರ್ಷ, ಅಕ್ಟೋಬರ್ ಕೊನೆಯಲ್ಲಿ ಮತ್ತು ನವೆಂಬರಿನಲ್ಲಿ. ಅಕ್ಟೋಬರ್ 31ಕ್ಕೆ ಕೊಲಂಬಸ್‌ನಲ್ಲಿ ಸೂರ್ಯ ಮುಳುಗುವುದು ಸಂಜೆ ಸುಮಾರು ಆರೂವರೆಗೆ. ನವೆಂಬರಿನ ಮೊದಲ ಭಾನುವಾರ ಚಳಿಗಾಲದ ಸಮಯಕ್ಕೆಂದು ಇಲ್ಲಿ ಗಡಿಯಾರ ಒಂದು ಗಂಟೆ ಹಿಂದಕ್ಕೆ ಹೋಗುತ್ತದೆ, ಆಮೇಲೆ ಐದೂವರೆಯೊಳಗೇ ಸೂರ್ಯ ಮುಳುಗಿರುತ್ತಾನೆ. ಮಕ್ಕಳನ್ನಿಟ್ಟುಕೊಂಡು ರಾತ್ರಿ ದೃಶ್ಯ ತೆಗೆಯುವವರಿಗೆ ಈ ಒಂದು ಗಂಟೆ ಚಿನ್ನ. ಆರಕ್ಕೆ ಪೂರ್ತಿ ಕತ್ತಲು, ಮಕ್ಕಳ ಶಾಟ್‌ಗಳನ್ನೆಲ್ಲ ಮೊದಲು ಮುಗಿಸಿ ಅವರನ್ನು ನಿದ್ದೆಯ ಹೊತ್ತಿಗೆ ಮನೆಗೆ ಕಳಿಸಬಹುದು. ಬೀದಿಯವರಿಗೆಲ್ಲ ಮುಂಚೆಯೇ ಚೀಟಿ ಹಂಚಿದ್ದೆವು, ಪೊಲೀಸರ ತುರ್ತಲ್ಲದ ನಂಬರಿಗೂ ತಿಳಿಸಿದ್ದೆವು. ಕಿರುಚಾಟ ಕೇಳಿ ಯಾರೂ ಗಾಬರಿಯಾಗಬಾರದಲ್ಲ.

ಸಾಮಾನಿನ ವಿಷಯ ಬೇಗ ಹೇಳಿಬಿಡುತ್ತೇನೆ. ಕೊರೆದ ನಿಜವಾದ ಕುಂಬಳಕಾಯಿ ಒಂದು ವಾರದೊಳಗೆ ಕುಸಿದು ಬೂಸ್ಟು ಹಿಡಿಯುತ್ತದೆ. ಹಾಗಾಗಿ ದೂರಕ್ಕೆ ಫೋಮಿನವು, ಕ್ಯಾಮೆರಾ ಹತ್ತಿರಕ್ಕೆ ಮಾತ್ರ ಅವತ್ತೇ ಕೊರೆದ ನಿಜದ್ದು. ಬಿದ್ದ ಎಲೆಗಳನ್ನು ಅಕ್ಟೋಬರಿನಲ್ಲೇ ಚೀಲಕ್ಕೆ ತುಂಬಿಟ್ಟಿದ್ದೆವು, ನವೆಂಬರಿನಲ್ಲಿ ಅದೇ ಎಲೆ ಮತ್ತೆ ಅದೇ ಅಂಗಳಕ್ಕೆ. ರಕ್ತಕ್ಕೆ ಕಾರ್ನ್ ಸಿರಪ್, ಕೆಂಪು ಬಣ್ಣ, ಒಂಚೂರು ಚಾಕೊಲೇಟ್ ಸಿರಪ್. ಚಳಿಯಲ್ಲಿ ಅದು ಗಟ್ಟಿಯಾಗಿ ಹರಿಯುವುದೇ ಇಲ್ಲ, ಬಾಟಲಿಯನ್ನು ಬಿಸಿನೀರಿನಲ್ಲಿ ಇಟ್ಟುಕೊಂಡೇ ಇರಬೇಕು. ಫಾಗ್ ಮಷೀನಿನ ಹೊಗೆ ಬಯಲಲ್ಲಿ ಮೇಲಕ್ಕೆ ಹಾರಿ ಚದುರಿಹೋಗುತ್ತದೆ. ಒಂದು ಐಸ್ ಬಾಕ್ಸಿಗೆ ಎರಡು ಕಡೆ ತೂತು ಮಾಡಿ, ಬಟ್ಟೆ ಡ್ರೈಯರಿನ ಪೈಪ್ ಸಿಕ್ಕಿಸಿ, ಒಳಗೆ ಐಸ್ ತುಂಬಿ ಅದರ ಮೂಲಕ ಹೊಗೆ ಬಿಟ್ಟರೆ ತಣ್ಣಗಾಗಿ ನೆಲಕ್ಕಂಟಿಕೊಂಡೇ ತೆವಳುತ್ತದೆ. ಗಾಳಿ ಇಲ್ಲದ ರಾತ್ರಿ ಸಿಕ್ಕರೆ ನೋಡೋಕೆ ಎರಡು ಕಣ್ಣು ಸಾಲದು.

ಈಗ ಚಿತ್ರದ ಜೀವಾಳ, ಅಜ್ಜಿಯ ಕಥೆ. ಬೆಂಗಳೂರಿನಲ್ಲಿ 90ರ ದಶಕದಲ್ಲಿ ಬಾಗಿಲು ಗೋಡೆಗಳ ಮೇಲೆ ‘ನಾಳೆ ಬಾ’ ಅಂತ ಬರೆಯುತ್ತಿದ್ದದ್ದು ಎಷ್ಟೋ ಜನಕ್ಕೆ ನೆನಪಿರುತ್ತದೆ. ರಾತ್ರಿ ಒಂದು ಹೆಣ್ಣು ದೆವ್ವ ನಮ್ಮವರದೇ ದನಿಯಲ್ಲಿ ಕರೆದು ಬಾಗಿಲು ತಟ್ಟುತ್ತದೆ, ಬರಹ ಓದಿ ವಾಪಸ್ ಹೋಗುತ್ತದೆ, ನಾಳೆ ಮತ್ತೆ ಅದೇ. ಈ ಎಳೆ ಹಿಡಿದು 2018ರಲ್ಲಿ ಹಿಂದಿಯ ‘ಸ್ತ್ರೀ’ ಬಂದಾಗಿದೆ, ಹಾಗಾಗಿ ಊರಿಗೆ ಊರೇ ಹೆದರುವ ಕಥೆ ನನಗೆ ಬೇಡವಾಗಿತ್ತು. ನನಗೆ ಬೇಕಿದ್ದದ್ದು ಒಂದೇ ಒಂದು ಬಾಗಿಲು. ಮಗಳ ಮನೆಗೆಂದು ಒಹಾಯೋಗೆ ಬಂದಿರುವ ಬೆಂಗಳೂರಿನ ಅಜ್ಜಿ. ಎಲ್ಲರೂ ಹೊರಗೆ ಹೋಗಿದ್ದಾರೆ, ಮೊಮ್ಮಗ ಆ ಬೋಗುಣಿಯಿಂದ ಎರಡು ಎತ್ತಿಕೊಂಡಿದ್ದಾನೆ. ವರ್ಷದ ಬೇರೆಲ್ಲ ರಾತ್ರಿ ಸತ್ತ ಹಾಗಿರುವ ಬೀದಿ, ಇವತ್ತು ಮಾತ್ರ ಐದೈದು ನಿಮಿಷಕ್ಕೆ ಯಾರೋ ಬಾಗಿಲು ಬಡಿಯುತ್ತಾರೆ. ಅಜ್ಜಿ ಸೀಮೆಸುಣ್ಣ ತಗೊಂಡು ಬಾಗಿಲ ಮೇಲೆ ಬರೆದೇ ಬಿಡುತ್ತಾಳೆ. ಮಕ್ಕಳಿಗೆ ಅದನ್ನು ಓದಲು ಬರುವುದಿಲ್ಲ, ಬಡಿಯುವುದು ನಿಲ್ಲುವುದಿಲ್ಲ. ಓದಲು ಬರುವವಳು ಒಬ್ಬಳೇ. ಅವಳು ಬರುತ್ತಾಳೆ, ಓದುತ್ತಾಳೆ, ಆದರೆ ವಾಪಸ್ ಹೋಗುವುದಿಲ್ಲ. ಮೆಟ್ಟಿಲ ಮೇಲೆ ಕೂತು ಕಾಯುತ್ತಾಳೆ. ಹನ್ನೆರಡು ಹೊಡೆದರೆ ನಾಳೆ ಬಂದ ಹಾಗಲ್ವಾ?

ಅಜ್ಜಿ ಪಾತ್ರ ಮಾಡಿದವರು ಮಗಳ ಬಾಣಂತನಕ್ಕೆ ಮೈಸೂರಿನಿಂದ ಬಂದಿದ್ದವರು. ಕ್ಯಾಮೆರಾ ಮುಂದೆ ನಿಂತಿದ್ದು ಅದೇ ಮೊದಲು. ಸ್ಕ್ರಿಪ್ಟಿನಲ್ಲಿ ಮೊದಲ ದನಿ ಕೇಳಿದ ಕೂಡಲೇ ಅಜ್ಜಿ ಬೆಚ್ಚಿ ಹಿಂದೆ ಸರಿಯುತ್ತಾಳೆ ಅಂತಿತ್ತು. ಅವರು ಓದಿ, ‘ಏನಪ್ಪಾ, ಬಾಗಿಲು ತಟ್ಟಿದ್ರೆ ಯಾರಾದ್ರೂ ಬೆಚ್ಚಿ ಬೀಳ್ತಾರಾ? ಯಾರದು ಅಂತ ಕೇಳ್ತಾರೆ. ಅದೂ ರಾತ್ರಿ ಹೊತ್ತು ಮೊದಲನೇ ಕೂಗಿಗೆ ಓಗೊಡಲ್ಲ, ಮೂರು ಸಲ ಕೂಗ್ಲಿ ಅಂತ ಸುಮ್ನಿರ್ತಾರೆ’ ಅಂದರು. ಇಡೀ ದೃಶ್ಯ ತಿರುಗಿ ಕೂತಿತು. ಹೊರಗಿನಿಂದ ಮಗಳ ದನಿ, ‘ಅಮ್ಮಾ, ಬಾಗಿಲು ತೆಗಿ’. ಅಜ್ಜಿ ಅವರೆಕಾಳು ಹಿಚುಕುತ್ತಾ ಕೂತೇ ಇದ್ದಾಳೆ. ಎರಡನೇ ಕೂಗು. ಕೈ ನಿಂತಿತು, ತಲೆ ಎತ್ತಲಿಲ್ಲ. ಮೂರನೇ ಕೂಗಿಗೆ ನೋಡುವವರು ಉಸಿರು ಹಿಡಿದು ಕಾಯುತ್ತಾರೆ, ಅದು ಬರುವುದೇ ಇಲ್ಲ. ಬದಲಿಗೆ ಒಳಗಿನ ಕೋಣೆಯಲ್ಲಿ ಫೋನು ರಿಂಗಾಗುತ್ತದೆ, ಪರದೆಯ ಮೇಲೆ ಮಗಳ ಹೆಸರು. ಮಾತಿಲ್ಲ, ಸಂಗೀತ ಇಲ್ಲ. ಅಜ್ಜಿ ಫೋನೆತ್ತಿ ಹೇಳುವುದು ಒಂದೇ, ‘ಬರ್ತಾ ಇನ್ನೊಂದು ಪೀಸು ಚಾಕ್ ತಗೊಂಡ್ಬಾ’. ಇಲ್ಲಿ ಭಯವೂ ನಗುವೂ ಒಂದೇ ಜಾಗದಿಂದ ಹುಟ್ಟುತ್ತವೆ. ಅದಕ್ಕೇ ಎಡಿಟಿಂಗಿನಲ್ಲಿ ನಾನು ಹಟ ಹಿಡಿದದ್ದು, ಫೋನ್ ರಿಂಗಾದ ಮೇಲೆ ಅಜ್ಜಿಯ ಮುಖಕ್ಕೆ ಕಟ್ ಮಾಡಬಾರದು ಅಂತ. ಶಾಟ್ ಹಾಗೇ ಕೈಯ ಮೇಲೆ, ಅವರೆಕಾಳಿನ ಮೇಲೆ ನಿಲ್ಲಬೇಕು. ಮುಖ ತೋರಿಸಿದರೆ ನಗಬೇಕೋ ಹೆದರಬೇಕೋ ಅಂತ ನಾವೇ ಹೇಳಿಕೊಟ್ಟ ಹಾಗಾಗುತ್ತದೆ.

ದೆವ್ವದ ವಿಷಯದಲ್ಲೂ ಒಂದು ಕಟ್ಟುನಿಟ್ಟು ಇತ್ತು. ಅವಳು ಜೋಕ್ ಮಾಡುವುದಿಲ್ಲ, ಹಲ್ಲು ಕಿರಿಯುವುದಿಲ್ಲ. ಮಕ್ಕಳು ಅವಳನ್ನೂ ವೇಷ ಅಂದುಕೊಂಡು ಪಕ್ಕದಲ್ಲಿ ಕೂತು ಕ್ಯಾಂಡಿ ಕೊಡುತ್ತಾರೆ, ಅವಳು ಗಂಭೀರವಾಗಿ ತೆಗೆದುಕೊಂಡು ಮಡಿಲಲ್ಲಿ ಇಟ್ಟುಕೊಳ್ಳುತ್ತಾಳೆ. ನವೆಂಬರಿನ ಚಳಿಯಲ್ಲಿ ಎಲ್ಲರ ಬಾಯಿಂದಲೂ ಹಬೆ ಬರುತ್ತದೆ. ಆ ನಟಿ ಮಾತ್ರ ಪ್ರತಿ ಟೇಕಿಗೂ ಮುಂಚೆ ಬಾಯಲ್ಲಿ ಐಸ್ ತುಂಡು ಇಟ್ಟುಕೊಂಡು ಉಗಿದು ಬರುತ್ತಿದ್ದರು, ಹಾಗಾಗಿ ಅವರ ಉಸಿರು ಕಾಣುವುದಿಲ್ಲ. ಸಾಲಾಗಿ ಕೂತ ಮಕ್ಕಳ ಬಾಯಲ್ಲೆಲ್ಲ ಹಬೆ, ನಡುವೆ ಇವಳದ್ದು ಇಲ್ಲ. ಎಷ್ಟೋ ಜನ ಇದನ್ನು ಗಮನಿಸುವುದಿಲ್ಲ, ಆದರೆ ಏನೋ ಸರಿಯಿಲ್ಲ ಅಂತ ಅವರ ಮೈಗೆ ಗೊತ್ತಾಗುತ್ತದೆ.

ಒಂದು ಕಥೆಯನ್ನು ಬರೆಯುವ ಹಂತದಲ್ಲೇ ಕೈಬಿಟ್ಟೆವು. ಕ್ಯಾಂಡಿಯಲ್ಲಿ ವಿಷ ಇರುತ್ತದೆ ಅನ್ನುವ ಹಳೇ ಹೆದರಿಕೆಯನ್ನು ತಮಾಷೆ ಮಾಡುವ ಕಥೆ ಅದು. ಟೆಕ್ಸಸ್‌ನ ಡಿಯರ್ ಪಾರ್ಕ್‌ನಲ್ಲಿ 1974ರ ಹ್ಯಾಲೋವೀನ್ ರಾತ್ರಿ ಒಬ್ಬ ತಂದೆ ವಿಮೆ ದುಡ್ಡಿಗಾಗಿ ತನ್ನ ಎಂಟು ವರ್ಷದ ಮಗನಿಗೇ ಸಯನೈಡ್ ಬೆರೆಸಿದ ಕ್ಯಾಂಡಿ ಕೊಟ್ಟಿದ್ದ. ಮಗು ಸತ್ತಿತು, ತಂದೆಗೆ 1984ರಲ್ಲಿ ಮರಣದಂಡನೆ ಆಯಿತು. ಹಾರರ್ ಕಾಮಿಡಿಯಲ್ಲಿ ಎಲ್ಲವನ್ನೂ ನಗಿಸಬಹುದು ಅಂತ ನಾನು ಒಪ್ಪುವುದಿಲ್ಲ. ದೆವ್ವ, ತೋಳ, ಸ್ವಂತ ದುರಾಸೆ, ಇವುಗಳನ್ನು ನೋಡಿ ನಗೋಣ. ಆ ಮಗುವಿನ ನೆರಳು ಬೀಳುವ ಕಥೆ ನನಗೆ ಬೇಡ. ಅದರ ಬದಲು ಬಂದದ್ದು ದೀಪ ಆರಿಸಿದ ಮನೆಯ ಕಥೆ. ಇಲ್ಲಿ ಜಗಲಿ ದೀಪ ಉರಿಯುತ್ತಿದ್ದರೆ ಮಕ್ಕಳು ಬರಬಹುದು, ಆರಿದ್ದರೆ ಬರಬಾರದು, ಎಲ್ಲರಿಗೂ ಗೊತ್ತಿರುವ ಪದ್ಧತಿ. ಕ್ಯಾಂಡಿ ಕೊಡಲು ಜಿಪುಣತನ ಮಾಡಿ ಕತ್ತಲಲ್ಲಿ ಬಚ್ಚಿಟ್ಟುಕೊಂಡವನ ಪಕ್ಕದಲ್ಲಿ, ಅದೇ ಸೋಫಾದ ಹಿಂದೆ, ಮಕ್ಕಳಿಗೆ ಹೆದರಿ ಇನ್ನೇನೋ ಬಚ್ಚಿಟ್ಟುಕೊಂಡಿರುತ್ತದೆ.

ಕಥೆಗಳ ಕ್ರಮವನ್ನು ಗೋಡೆಯ ಹಾಳೆಯೇ ಹೇಳಿತು. ಬೋಗುಣಿಗೆ ಬೋಗುಣಿಯನ್ನೇ ಎತ್ತಿಕೊಂಡು ಓಡುವ ಹುಡುಗನ ಕಥೆ ಎಲ್ಲಕ್ಕಿಂತ ಚಿಕ್ಕದು, ಸಂಜೆ ಏಳರ ಒಳಗಿನದ್ದು, ಅದು ಮೊದಲು. ಕತ್ತಲ ಮನೆ ಎರಡನೆಯದು. ಅಜ್ಜಿಯದ್ದು ಹನ್ನೆರಡು ಗಂಟೆಗೆ ಮುಗಿಯಬೇಕಾದ್ದರಿಂದ ಕೊನೆಗೇ ಬರಬೇಕು. ಓಡುವ ಹುಡುಗ ಎರಡನೇ ಕಥೆಯ ಕಿಟಕಿಯಾಚೆ ಒಮ್ಮೆ ಕಾಣುತ್ತಾನೆ, ಅಜ್ಜಿಯ ಕಥೆಯಲ್ಲಿ ದೂರದಿಂದ ಅವನ ಕೂಗು ಮಾತ್ರ ಕೇಳುತ್ತದೆ. ಸೌಂಡ್ ಮಿಕ್ಸಿಂಗಿನಲ್ಲಿ ಜಾಸ್ತಿ ಹೊತ್ತು ಹಿಡಿದದ್ದು ಇದೇ. ಒಂದೇ ಕೂಗು, ಮೂರು ಮನೆಯಿಂದ ಮೂರು ದೂರದಲ್ಲಿ ಕೇಳಬೇಕು.

ಮುಗಿದ ಮೇಲೆ ಇಲ್ಲಿನ ಕನ್ನಡದವರಿಗೂ ಬೀದಿಯವರಿಗೂ ಒಟ್ಟಿಗೆ ತೋರಿಸಿದೆವು. ಚಾಕಿನ ಮಾತಿಗೆ ನಗು ಎಷ್ಟು ಜೋರಾಗಿ ಬಂತೆಂದರೆ, ಅದರ ಬೆನ್ನಿಗೇ ಬರುವ ಬಾಗಿಲಿನ ಸಣ್ಣ ಕೆರೆತ ಯಾರಿಗೂ ಕೇಳಲೇ ಇಲ್ಲ, ಮೆಟ್ಟಿಲ ಮೇಲಿದ್ದವಳು ಎದ್ದು ನಿಂತಿದ್ದಾಳೆ ಅಂತ ಗೊತ್ತಾಗಬೇಕಾದದ್ದು ಆ ಕೆರೆತದಿಂದಲೇ. ಮರುದಿನ ಅಲ್ಲಿ ಎರಡು ಸೆಕೆಂಡು ಖಾಲಿ ಜಾಗ ಸೇರಿಸಿದೆವು, ಫ್ರಿಜ್ಜಿನ ಗುಂಯ್ ಸದ್ದು ಮಾತ್ರ ಇಟ್ಟೆವು. ಈಗ ಸಭೆ ನಕ್ಕು ಮುಗಿಸುತ್ತದೆ, ಆಮೇಲೆ ಕೆರೆತ ಕೇಳುತ್ತದೆ.